ಗಿಣ್ಣದ ಹಾಲು ಮತ್ತು ಬೆಂಗಳೂರಿನ ಹಸುಳೆಗಳು

ನಮ್ಮ ತಾಯ್ನಾಡನ್ನೂ ನಾವು ನೆಲೆಸಿದ ನಾಡನ್ನೂ ಬೆಸೆದ ಒಂದು ಸಂಶೋಧನೆಯ ಕಥೆಯನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ನನ್ನ ಮೊಮ್ಮಗಳಿಗೆ ಎರಡು ತಿಂಗಳು ತುಂಬಿದಾಗ, ಚುಚ್ಚುಮದ್ದುಗಳ ಜೊತೆಗೆ ದಾದಿಯೊಬ್ಬರು ಅವಳ ಬಾಯಿಗೆ ದ್ರವವೊಂದನ್ನು ಹಿಂಡಿದರು. ಅದು ರೋಟಾವೈರಸ್ ಲಸಿಕೆ. ಮಗು ಚಪ್ಪರಿಸಿ ನುಂಗಿತು. ನನ್ನ ಮನಸ್ಸು ಮಾತ್ರ 1961ರ ಬೇಸಿಗೆಗೆ ಹೋಯಿತು. ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಎಂಟು ತಿಂಗಳ ನನ್ನ ತಮ್ಮನಿಗೆ ವಾಂತಿಭೇದಿ ಹತ್ತಿತು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಹಿರಿಯರು ನೀರನ್ನೂ ತಡೆದರು. ಮೂರನೆಯ ದಿನ ಮಗು ಉಳಿಯಲಿಲ್ಲ. ಅದೇ ವಾರ ಕೊಟ್ಟಿಗೆಯಲ್ಲಿ ಹಸು ಕರು ಹಾಕಿತ್ತು. ಅಮ್ಮ ಆಮೇಲೆ ಗಿಣ್ಣನ್ನು ಬಾಯಿಗೆ ಹಾಕಿದ್ದನ್ನು ನಾನು ಕಾಣೆ.

ಅಂಥ ಸಾವುಗಳಿಗೆ ಕಾರಣವಾಗುತ್ತಿದ್ದ ಪ್ರಮುಖ ರೋಗಾಣುವಿಗೆ ಅಂದು ಹೆಸರೇ ಇರಲಿಲ್ಲ. 1973ರಲ್ಲಿ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣಕರುಳಿನ ತುಣುಕುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅದನ್ನು ಕಂಡುಹಿಡಿದರು. ಗಾಲಿಯಂತೆ ತೋರುವುದರಿಂದ ಅದಕ್ಕೆ ರೋಟಾವೈರಸ್ ಎಂಬ ಲ್ಯಾಟಿನ್ ಮೂಲದ ಹೆಸರು ಬಂದಿತು. ಬಿಷಪ್ ಅವರ ತಂಡ 1983ರಲ್ಲಿ ಮತ್ತೊಂದು ಸತ್ಯವನ್ನು ಪ್ರಕಟಿಸಿತು: ಹುಟ್ಟಿದ ಕೆಲವೇ ದಿನಗಳಲ್ಲಿ ಈ ಸೋಂಕು ತಗುಲಿದ ಶಿಶುಗಳಿಗೆ ಮುಂದೆ ಸೋಂಕು ತಪ್ಪದಿದ್ದರೂ ತೀವ್ರ ಕಾಯಿಲೆ ತಪ್ಪುತ್ತಿತ್ತು. ಪ್ರಕೃತಿಯೇ ಲಸಿಕೆ ಹಾಕಿದಂತಾಗಿತ್ತು.

ಇದೇ ಬಗೆಯ ಹಸುಳೆಗಳು ಬೆಂಗಳೂರಿನಲ್ಲಿಯೂ ಕಂಡುಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರು ನಗರದ ವೈದ್ಯರ ಸಹಯೋಗದಿಂದ ನವಜಾತ ಶಿಶುಗಳ ಮಲವನ್ನು ಪರೀಕ್ಷಿಸಿದಾಗ, ಭೇದಿಯ ಲಕ್ಷಣವೇ ಇಲ್ಲದ ಮಕ್ಕಳಲ್ಲಿಯೂ ರೋಟಾವೈರಸ್ ದೊರೆಯಿತು. ಐ-321 ಎಂದು ಹೆಸರಿಸಲಾದ ಆ ತಳಿಯ ಹೊರಮೈಯ ಎರಡೂ ಪ್ರೋಟೀನುಗಳು ದನಗಳ ರೋಟಾವೈರಸ್ಸಿನ ಪ್ರೋಟೀನುಗಳನ್ನು ಬಹುಮಟ್ಟಿಗೆ ಹೋಲುತ್ತವೆ ಎಂಬುದನ್ನು ಅವರ ತಂಡ 1993ರಲ್ಲಿ ತೋರಿಸಿತು. ದನವೂ ಮನುಷ್ಯನೂ ಒಂದೇ ಸೂರಿನ ಕೆಳಗೆ ಬಾಳುವ ನಾಡಿನವರಿಗೆ ಇದು ಅಚ್ಚರಿಯೇನಲ್ಲ.

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಕೆ. ಭಾನ್ ಅವರ ತಂಡಕ್ಕೆ 1980ರ ದಶಕದಲ್ಲಿ ನವಜಾತ ಶಿಶುಗಳಿಂದಲೇ 116ಇ ಎಂಬ ತಳಿ ಸಿಕ್ಕಿತ್ತು. ಅದರಲ್ಲಿಯೂ ದನದ ವೈರಾಣುವಿನಿಂದ ಬಂದ ಒಂದು ವಂಶವಾಹಿಯಿತ್ತು. ಎರಡೂ ತಳಿಗಳನ್ನು ಶಿಶುಗಳಲ್ಲಿ ಪರೀಕ್ಷಿಸಿದ ವಿವರ 2006ರಲ್ಲಿ ಪ್ರಕಟವಾಯಿತು. ಹೆಚ್ಚಿನ ಪ್ರತಿರೋಧ ಹುಟ್ಟಿಸಿದ್ದು ದೆಹಲಿಯ ತಳಿ, ಬೆಂಗಳೂರಿನದು ಹಿಂದುಳಿಯಿತು. ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ 116ಇ ತಳಿಯಿಂದ ರೋಟಾವ್ಯಾಕ್ ತಯಾರಿಸಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಹೊರಬಂದಿತು. ಮೊದಲ ವರ್ಷದಲ್ಲಿ ತೀವ್ರ ರೋಟಾವೈರಸ್ ಭೇದಿಯ ವಿರುದ್ಧ ರಕ್ಷಣೆ ಶೇಕಡಾ 56ರಷ್ಟು. 2016ರಿಂದ ಆ ಲಸಿಕೆ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಹಂತಹಂತವಾಗಿ ಪ್ರವೇಶಿಸಿತು. ಆಸ್ಟ್ರೇಲಿಯದಲ್ಲಿ ರೋಟಾವೈರಸ್ ಲಸಿಕೆ 2007ರ ಜುಲೈನಿಂದಲೇ ಉಚಿತವಾಗಿ ದೊರೆಯುತ್ತಿತ್ತು.

ಶ್ರೀಮಂತ ದೇಶಗಳಲ್ಲಿ ಇಂಥ ಬಾಯಿ ಲಸಿಕೆಗಳು ಇನ್ನೂ ಹೆಚ್ಚು ರಕ್ಷಣೆ ನೀಡುತ್ತವೆ. ಬಡವರ ಮಕ್ಕಳಲ್ಲಿ ಅದು ಕುಗ್ಗುವುದೇಕೆ? ಪದೇ ಪದೇ ತಗುಲುವ ಕರುಳಿನ ಸೋಂಕುಗಳು, ಅಪೌಷ್ಟಿಕತೆ, ತಾಯಿಯಿಂದ ಬಂದ ಪ್ರತಿಕಾಯಗಳು ಇವೆಲ್ಲವನ್ನೂ ವಿಜ್ಞಾನಿಗಳು ಕಾರಣವಾಗಿ ಪರಿಶೀಲಿಸಿದ್ದಾರೆ. ಭೇದಿಯಿಂದ ಮಗು ಸೊರಗುತ್ತದೆ. ಸೊರಗಿದ ಮಗುವಿಗೆ ಮತ್ತೆ ಭೇದಿ ಹತ್ತುತ್ತದೆ. ಎದೆಹಾಲೇ ಲಸಿಕೆಗೆ ಅಡ್ಡಿಯೋ ಎಂಬ ಸಂದೇಹವೂ ಬಂದಿತ್ತು. ಲಸಿಕೆಯ ಹೊತ್ತಿನಲ್ಲಿ ಹಾಲೂಡುವುದನ್ನು ತಡೆದು ದೆಹಲಿಯಲ್ಲಿ ಮಾಡಿದ ಅಧ್ಯಯನದಲ್ಲಿ ಅದರಿಂದ ಯಾವ ಲಾಭವೂ ಕಾಣಲಿಲ್ಲ. ಆದ್ದರಿಂದ ಎದೆಹಾಲನ್ನು ನಿಲ್ಲಿಸಬೇಕಾಗಿಲ್ಲ.

ಇನ್ನು ಗಿಣ್ಣದ ಮಾತು. ಬಿಷಪ್ ಅವರ ಸಂಗಡಿಗರಲ್ಲೊಬ್ಬರಾದ ಜೆಫ್ರಿ ಡೇವಿಡ್‌ಸನ್ ಮುಂದೆ ಅಡಿಲೇಡಿನಲ್ಲಿ ಸಂಶೋಧನೆ ಮುಂದುವರಿಸಿದರು. ರೋಟಾವೈರಸ್ ವಿರುದ್ಧದ ಪ್ರತಿಕಾಯಗಳು ತುಂಬಿದ ಹಸುವಿನ ಗಿಣ್ಣದ ಹಾಲನ್ನು ಆಸ್ಪತ್ರೆಯಲ್ಲಿದ್ದ ಮಕ್ಕಳಿಗೆ ಕುಡಿಸಿದರೆ ಅವರಿಗೆ ಆ ಸೋಂಕು ತಗುಲುವುದನ್ನು ತಡೆಯಬಹುದೆಂದು ಅವರ ತಂಡ 1989ರಲ್ಲಿ ವರದಿ ಮಾಡಿತು. ಇದನ್ನು ಓದಿದಾಗ ನನಗೆ ನಾಚಿಕೆಯೂ ವಿಷಾದವೂ ಉಂಟಾದುವು. ಹಸುವಿನ ಗಿಣ್ಣಕ್ಕೆ ಬೆಲ್ಲ, ಏಲಕ್ಕಿ ಬೆರೆಸಿ ಬೀದಿಗೆಲ್ಲ ಹಂಚುತ್ತಿದ್ದ ನಾವು, ಬಾಣಂತಿಯ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುತ್ತಿದ್ದೆವು. ಕರುವಿಗೆ ಸಲ್ಲುವುದು ಮಗುವಿಗೂ ಸಲ್ಲುತ್ತದೆಂದು ನಮಗೆ ಹೊಳೆಯಲಿಲ್ಲ.

ಬಂಧುಗಳೇ, ಎಳೆಗೂಸನ್ನು ಅಜ್ಜಿ ತಾತಂದಿರಿಗೆ ತೋರಿಸಲು ಊರಿಗೆ ಹೊರಡುವ ಆತುರ ನಮ್ಮೆಲ್ಲರದೂ. ಈ ದೇಶದ ಕ್ರಮದಲ್ಲಿ ರೋಟಾವೈರಸ್ ಲಸಿಕೆಯ ಮೊದಲ ಸರದಿ 15 ವಾರ ತುಂಬುವ ಮುನ್ನವೇ ಆಗಬೇಕು, ತಡವಾದರೆ ಕೊಡುವುದಿಲ್ಲ. ಟಿಕೇಟು ಕೊಳ್ಳುವ ಮೊದಲು ಲಸಿಕೆಯ ಪುಸ್ತಕವನ್ನು ತೆರೆದು ನೋಡಿರಿ. ಭೇದಿ ಹತ್ತಿದ ಮಗುವಿಗೆ ಉಪ್ಪು ಸಕ್ಕರೆಯ ಪುನರ್ಜಲೀಕರಣ ದ್ರಾವಣವನ್ನೂ ಎದೆಹಾಲನ್ನೂ ಎಂದಿಗೂ ತಡೆಯಬೇಡಿರಿ.

ಬೆಂಗಳೂರಿನ ತಳಿ ಲಸಿಕೆಯಾಗಲಿಲ್ಲ. ಆದರೂ ಯಾವುದು ಸಲ್ಲುವುದಿಲ್ಲವೆಂಬುದನ್ನು ಶ್ರದ್ಧೆಯಿಂದ ಅರಿಯುವುದೂ ವಿಜ್ಞಾನವೇ. ಹೆಸರು ತಿಳಿಯದ ಆ ಹಸುಳೆಗಳಿಗೆ, ಅವರ ತಾಯಂದಿರಿಗೆ, ನನ್ನ ತಮ್ಮನಿಗೆ ಈ ಪುಟ್ಟ ಬರಹ ಅರ್ಪಿತ.