ಕಾರ್ಗಿಲ್ ಮೀನಿನ ಜಾತಕ

ಮಲ್ಪೆ ಬಂದರಿನಲ್ಲಿ ಒಂದು ಮೀನಿಗೆ ಕಾರ್ಗಿಲ್ ಅಂತ ಹೆಸರು. ಕಪ್ಪು ಬೆರೆತ ನೀಲಿ ಮೈ, ಕೆಂಪು ಹಲ್ಲು, ಚಪ್ಪಲಿಯ ಚರ್ಮದಷ್ಟು ಗಟ್ಟಿ ತೊಗಲು. ಬೆನ್ನಿನ ಮೊದಲ ಮುಳ್ಳನ್ನು ಎತ್ತಿದರೆ ಎರಡನೆಯದು ಅದಕ್ಕೆ ಚಿಲಕ ಹಾಕುತ್ತದೆ. ಬಂಡೆಯ ಸಂದಿಯಲ್ಲಿ ಹಾಗೆ ಸಿಕ್ಕಿಸಿಕೊಂಡರೆ ಎಳೆದರೂ ಬಾರದು. ಇಂಗ್ಲಿಷಿನವರ ಟ್ರಿಗರ್ ಫಿಶ್ ಇದೇ. ಹವಳದ ದಿಬ್ಬಗಳ ಮೀನು. 1999ರ ಯುದ್ಧದ ಹೊತ್ತಿಗೆ ಬಲೆಗೆ ರಾಶಿ ರಾಶಿ ಬೀಳತೊಡಗಿತು, ಅದಕ್ಕೇ ಆ ಹೆಸರು ಅಂತಾರೆ ಬೋಟಿನವರು. ಬಂಗುಡೆ, ಅಂಜಲ್ ಹುಡುಕಿ ಹೋದವರಿಗೆ ಇದು ಕರೆಯದೆ ಬಂದ ನೆಂಟ. ಹೆಚ್ಚಿನದು ಫಿಶ್‌ಮೀಲ್ ಕಾರ್ಖಾನೆಗೆ.

ವಿಜ್ಞಾನದಲ್ಲಿ ಇದು ಓಡೋನಸ್ ನೈಗರ್. ಫ್ರಾಂಕ್‌ಫರ್ಟಿನ ಎಡ್ವರ್ಡ್ ರುಪ್ಪೆಲ್ ಕೆಂಪು ಸಮುದ್ರದ ಮೀನು ನೋಡಿ 1836ರಲ್ಲೇ ವಿವರಿಸಿದ್ದ. ಅವನು ಕೊಟ್ಟ ಕುಲನಾಮ ಆಗಲೇ ಒಂದು ಹಾವಿನ ಬಳಗಕ್ಕೆ ಹೋಗಿತ್ತು. 1848ರಲ್ಲಿ ಗಿಸ್ಟೆಲ್ ಎಂಬಾತ ಬದಲಿಸಿದ.

'ಹೊಸ ದಾಖಲೆ' ಅಂದರೆ ಹೊಸ ಮೀನು ಅಲ್ಲ. ಇಂಥ ನೀರಿನಲ್ಲಿ ಇದಿದೆ ಎಂದು ಮೊದಲ ಸಲ ಯಾರೋ ಪುರಾವೆ ಸಮೇತ ಅಚ್ಚು ಹಾಕಿಸಿದರು, ಅಷ್ಟೆ. ಹಾಗಾಗಿ ದಾಖಲೆಗಳ ಇತಿಹಾಸ ಎಂದರೆ ಯಾರು ಎಲ್ಲಿಯವರೆಗೆ ಹೋದರು ಎಂಬುದರ ಇತಿಹಾಸ. 1875–78ರಲ್ಲಿ 'ದಿ ಫಿಶಸ್ ಆಫ್ ಇಂಡಿಯಾ' ಬರೆದ ಫ್ರಾನ್ಸಿಸ್ ಡೇ ಕಾಲದವರಿಗೆ ಬಲೆ, ಗಾಳ, ಮಾರ್ಕೆಟ್ಟೇ ಆಧಾರ. ಬಂಡೆಯ ಪೊಟರೆ ಬಿಟ್ಟು ಬಾರದ ಮೀನು ಅವರ ಕಣ್ಣಿಗೆ ಬೀಳುವುದು ಕಷ್ಟವಿತ್ತು. ಮುರ್ಡೇಶ್ವರದ ಆಚೆಯ ನೇತ್ರಾಣಿಯ ಹವಳ ಮೀನುಗಳ ಪಟ್ಟಿ ಅಚ್ಚಾದದ್ದು 2008ರಲ್ಲಿ. ನೌಕಾಪಡೆ ಗುರಿ ಅಭ್ಯಾಸಕ್ಕೆ ಗುಂಡು ಹಾರಿಸುತ್ತಿದ್ದ ದ್ವೀಪ ಅದು! ಮಣಿಪಾಲದ ಆಫೀಸುಗಳಿಂದ ವೀಕೆಂಡ್ ಡೈವಿಂಗಿಗೆ ಹೋಗುವವರು ಇದನ್ನೊಮ್ಮೆ ನೆನೆಯಬಹುದು.

ಅಚ್ಚಾದ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಕಾಪುವಿನಿಂದ ಕಾರ್ಕಳದವರೆಗೆ ಜನ ತಿನ್ನುವ ಮುರು ಮೀನಿನ ಬಳಗದಲ್ಲಿ ಒಂದು, ಎಪಿನೆಫೆಲಸ್ ಮಲಬಾರಿಕಸ್. ಹೆಸರು ಕೇಳಿದರೆ ನಮ್ಮ ಕಡೆಯದೇ ಅನ್ನಿಸುತ್ತದೆ. ಆದರೆ 1801ರ ಆ ವಿವರಣೆಗೆ ಆಧಾರವಾದ ಮೀನು ಸಿಕ್ಕಿದ್ದು ಆಚೆ ಕರಾವಳಿಯ ತರಂಗಂಬಾಡಿಯಲ್ಲಿ. ಆಗ ಯುರೋಪಿನವರು ತಮಿಳರನ್ನೂ ಮಲಬಾರಿಗಳು ಅಂತಲೇ ಕರೆಯುತ್ತಿದ್ದರು.

ಇದರ ಎದುರು 'ಕಾರ್ಗಿಲ್' ಇಟ್ಟು ನೋಡಿ. ಮ್ಯೂಸಿಯಂ ಇಲ್ಲ, ಪತ್ರಿಕೆ ಇಲ್ಲ. ಹೆಸರಿನೊಳಗೇ ಇಸವಿ ಇದೆ. ನನ್ನ ಕೇಳಿದರೆ ಇದೂ ದಾಖಲೆಯೇ. ಒಂದೇ ತೊಂದರೆ, ಆ ಯುದ್ಧ ನೆನಪಿರುವವರು ದೋಣಿ ಇಳಿದ ಮೇಲೆ ಅದು ಬರೀ ಹೆಸರಾಗಿ ಉಳಿಯುತ್ತದೆ. ಪ್ರಭೇದಗಳ ಪಟ್ಟಿ ಮಾಡುವವರು ಇನ್ನೊಂದು ಕಾಲಂ ಹಾಕಿಕೊಳ್ಳಲಿ: ಊರಿನವರು ಏನಂತಾರೆ, ಯಾವಾಗಿನಿಂದ. ಕೇಳೋಕೆ ಮಾತ್ರ ಬೆಳಿಗ್ಗೆ ಬೇಗ ಬಂದರಿಗೆ ಹೋಗಬೇಕು, ಹರಾಜು ಮುಗಿಯುವ ಮೊದಲು.