ಸಮುದ್ರಕ್ಕೆ ಬಿದ್ದ ಫಿಲ್ಮ್ ಕ್ಯಾಮೆರಾವನ್ನು ಅಕ್ಕಿ ಡಬ್ಬಿಯಲ್ಲಿಟ್ಟರೆ ಫೋಟೊ ಉಳಿಯುತ್ತದೆಯೇ?

ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಡಿ ಎಂಬ ಸಲಹೆ ನಿಮಗೂ ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಈಗ ರೀಲು ಹಾಕುವ ಹಳೆಯ ಕ್ಯಾಮೆರಾಗಳು ಮತ್ತೆ ಹುಡುಗರ ಕೈಗೆ ಬಂದಿವೆ. ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಯಲು ಹೋಗುವವರ ಬ್ಯಾಗಿನಲ್ಲೂ ಅಪ್ಪನ ಕಾಲದ ಕ್ಯಾಮೆರಾ ಕಾಣಸಿಗುತ್ತದೆ. ಅಕ್ಕಿಯ ಸಲಹೆಯೂ ಅದರ ಹಿಂದೆಯೇ ಬಂದಿದೆ.

ನನ್ನ ಗೆಳತಿಯೊಬ್ಬಳು ಇದನ್ನು ನಂಬಿ, ಅಲೆಗೆ ಸಿಕ್ಕ ಕ್ಯಾಮೆರಾವನ್ನು ಮೂರು ದಿನ ಸೋನಾ ಮಸೂರಿಯಲ್ಲಿ ಇಟ್ಟಳು. ಲ್ಯಾಬಿನವರು ರೀಲು ಬಿಚ್ಚಲು ನೋಡಿದಾಗ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಎಳೆದಲ್ಲೆಲ್ಲ ಚಿತ್ರ ಕಿತ್ತು ಬಂತು. 36ರಲ್ಲಿ ಉಳಿದದ್ದು ನಾಲ್ಕು. ಅವಳ ಅಜ್ಜ ಪಂಚೆ ಎತ್ತಿಕಟ್ಟಿ ನೀರಿನಲ್ಲಿ ನಿಂತಿದ್ದ ಫೋಟೊ ಆ ನಾಲ್ಕರಲ್ಲಿ ಇರಲಿಲ್ಲ. ಫಿಲ್ಮ್‌ಗೆ ಕ್ಲೌಡ್ ಬ್ಯಾಕಪ್ ಇಲ್ಲ.

ನೇರವಾಗಿ ಹೇಳುವುದಾದರೆ, ಇಲ್ಲಿ ಅಕ್ಕಿಯೊಂದೇ ತಪ್ಪಲ್ಲ, ಒಣಗಿಸುವುದೇ ತಪ್ಪು.

ಒದ್ದೆ ಫಿಲ್ಮ್ ಒಣಗಿದರೆ ಏನಾಗುತ್ತದೆ?

ಫಿಲ್ಮ್ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜೆಲಾಟಿನ್ ಲೇಪ, ಆ ಲೇಪದೊಳಗೆ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳು. ಔಷಧದ ಕ್ಯಾಪ್ಸೂಲ್‌ನ ಹೊರಕವಚವೂ ಇದೇ ಜೆಲಾಟಿನ್. ಒದ್ದೆಯಾದ ಕ್ಯಾಪ್ಸೂಲ್‌ಗಳು ಬಾಟಲಿಯಲ್ಲಿ ಹೇಗೆ ಮುದ್ದೆಯಾಗುತ್ತವೆ ನೋಡಿದ್ದೀರಲ್ಲ? ರೀಲಿನಲ್ಲಿ ಆಗುವುದೂ ಅದೇ. ನೀರು ಕುಡಿದ ಜೆಲಾಟಿನ್ ಉಬ್ಬುತ್ತದೆ, ಒಣಗುವಾಗ ಪಕ್ಕದ ಸುತ್ತನ್ನು ಗೋಂದಿನಂತೆ ಹಿಡಿದುಕೊಳ್ಳುತ್ತದೆ.

ಆದರೆ ನೀರೇ ಫಿಲ್ಮ್‌ಗೆ ಶತ್ರುವಲ್ಲ. ಸ್ಟುಡಿಯೊದವರು 'ರೀಲು ತೊಳೆಯುವುದು' ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಡೆವಲಪರ್, ಫಿಕ್ಸರ್, ಕೊನೆಗೆ ಶುದ್ಧ ನೀರು, ಎಲ್ಲವೂ ದ್ರವದಲ್ಲೇ ನಡೆಯುವ ಕೆಲಸ. ಬೆಳಕು ಬಿದ್ದ ಹರಳುಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಒದ್ದೆಯಾದ ರೀಲನ್ನು ಲ್ಯಾಬ್ ಮುಟ್ಟುವವರೆಗೂ ಒದ್ದೆಯಾಗಿಯೇ ಇಡಬೇಕು.

ಕ್ಯಾಮೆರಾದ ಹಿಂಬಾಗಿಲು ತೆರೆಯಬೇಡಿ. ಬ್ಯಾಟರಿ ಇದ್ದರೆ ತೆಗೆಯಿರಿ. ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿ ಫಿಲ್ಮನ್ನು ಅದರ ಡಬ್ಬಿಯೊಳಕ್ಕೆ ಸುತ್ತಿಕೊಳ್ಳಿ. ಆಮೇಲೆ ಡಬ್ಬಿಯನ್ನು ತಣ್ಣನೆಯ ಸಿಹಿನೀರಿನಲ್ಲಿ ಮುಳುಗಿಸಿ, ಒಂದೆರಡು ಬಾರಿ ನೀರು ಬದಲಿಸಿ, ಬೆಳಕು ಬೀಳದ ಹಾಗೆ ಮುಚ್ಚಿ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಅಲ್ಲ. ಬಿಸಿನೀರು ಬೇಡವೇ ಬೇಡ, ಜೆಲಾಟಿನ್ ಮೆತ್ತಗಾಗಿ ಕರಗುತ್ತದೆ. ಒಂದೆರಡು ದಿನದೊಳಗೆ ಲ್ಯಾಬಿಗೆ ಕೊಡಿ, ಫಿಲ್ಮ್ ಒದ್ದೆಯಾಗಿದೆ ಎಂದು ಮೊದಲೇ ಹೇಳಿ; ಅದನ್ನು ಯಂತ್ರಕ್ಕೆ ಹಾಕದೆ ಕೈಯಲ್ಲೇ ತೊಳೆಯಬೇಕಾಗುತ್ತದೆ. ಹಿಡಿಕೆ ತಿರುಗದಿದ್ದರೆ ಬಲ ಹಾಕಬೇಡಿ, ಕ್ಯಾಮೆರಾ ಸಮೇತ ನೀರಿನಲ್ಲಿಟ್ಟು ಕೊಂಡೊಯ್ಯಿರಿ. ಕಲರ್ ಫಿಲ್ಮ್ ಆದರೆ ಬಣ್ಣ ಅಲ್ಲಲ್ಲಿ ಏರುಪೇರಾಗಬಹುದು, ಚಿತ್ರ ಉಳಿದರೆ ಅದೇ ದೊಡ್ಡದು.

ಕ್ಯಾಮೆರಾದ ಕಥೆ ಬೇರೆ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ನೀರು ಆರಿದರೂ ಲವಣ ಗೇರು, ಸ್ಪ್ರಿಂಗುಗಳ ಮೇಲೆ ಉಳಿಯುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುವ ಹಾಗೆ ಅದು ಗಾಳಿಯ ತೇವ ಎಳೆದುಕೊಂಡು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಅಕ್ಕಿ ಲವಣವನ್ನು ತೆಗೆಯಲಾರದು, ಬದಲಿಗೆ ತನ್ನ ಹುಡಿಯನ್ನು ಒಳಗೆ ಸೇರಿಸುತ್ತದೆ. ಫೋನಿಗೂ ಇದೇ ಮಾತು: ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಸಣ್ಣ ಕಣಗಳು ಹಾನಿ ಮಾಡಬಹುದು ಎಂದು ಆಪಲ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಉಪ್ಪುನೀರು ಹೊಕ್ಕ ಕ್ಯಾಮೆರಾವನ್ನು ಕೂಡಲೇ ಸಿಹಿನೀರಿನಲ್ಲಿ ತೊಳೆದು ರಿಪೇರಿಯವರಿಗೆ ಕೊಟ್ಟರೆ ಒಂದು ಅವಕಾಶವಿದೆ, ಅಷ್ಟೇ. ಎಲೆಕ್ಟ್ರಾನಿಕ್ ಮಾದರಿಯಾದರೆ ನಾನು ಆಸೆ ಇಟ್ಟುಕೊಳ್ಳುವುದಿಲ್ಲ.

ಅಲೆಗಳ ನಡುವೆ ಫೋಟೊ ತೆಗೆಯುವವರಿಗೆ ಇದು ಹಳೆಯ ಪಾಠ. ಕ್ಯಾಲಿಫೋರ್ನಿಯಾದ ದಂತವೈದ್ಯ 'ಡಾಕ್' ಬಾಲ್ 1930ರ ದಶಕದಲ್ಲೇ ಕ್ಯಾಮೆರಾಗೆ ನೀರು ಹೊಗದ ಪೆಟ್ಟಿಗೆ ಮಾಡಿಕೊಂಡು ಸರ್ಫರ್‌ಗಳ ಜೊತೆ ಕಡಲಿಗಿಳಿದವರು. 1946ರಲ್ಲಿ ಅವರ ಚಿತ್ರಗಳು ಪುಸ್ತಕವಾದವು. 1963ರಲ್ಲಿ ನಿಕಾನ್ ತಂದ ನಿಕೋನೋಸ್ ಕ್ಯಾಮೆರಾಗೆ ಪೆಟ್ಟಿಗೆಯೇ ಬೇಡವಾಯಿತು. ರಬ್ಬರ್ ಉಂಗುರಗಳೇ ಅದರ ಕಾವಲು, ಆದರೆ ಉಂಗುರದ ಮೇಲೆ ಒಂದು ಕೂದಲೋ ಮರಳಿನ ಕಣವೋ ಸಿಕ್ಕಿಕೊಂಡರೆ ಸಾಕು, ನೀರು ಒಳಗೆ. ಅದನ್ನು ಬಳಸುವವರು ದಡಕ್ಕೆ ಬಂದ ಮೇಲೆ ತೆರೆಯುವ ಮೊದಲು ಇಡೀ ಕ್ಯಾಮೆರಾವನ್ನು ಬಕೆಟ್ ಸಿಹಿನೀರಿನಲ್ಲಿ ನೆನೆಸುತ್ತಾರೆ.

ನೆನೆದ ಫಿಲ್ಮ್‌ನಲ್ಲಿ ಏನೂ ಉಳಿಯದು ಎನ್ನುವವರಿಗೆ ಒಂದು ಘಟನೆ. 1897ರಲ್ಲಿ ಸ್ವೀಡನ್ನಿನ ಆಂಡ್ರೆ ಮತ್ತು ಇಬ್ಬರು ಜೊತೆಗಾರರು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಕಣ್ಮರೆಯಾದರು. 1930ರಲ್ಲಿ ಒಂದು ಹಿಮದ್ವೀಪದಲ್ಲಿ ಅವರ ಶವಗಳ ಜೊತೆ ಫಿಲ್ಮ್‌ಗಳೂ ಸಿಕ್ಕವು. 33 ವರ್ಷ ಹಿಮ, ತೇವದಲ್ಲಿ ಬಿದ್ದಿದ್ದ ಸುಮಾರು 240 ಚಿತ್ರಗಳಲ್ಲಿ 93ನ್ನು ಜಾನ್ ಹರ್ಟ್ಸ್‌ಬರ್ಗ್ ಎಂಬ ತಜ್ಞ ಉಳಿಸಿಕೊಟ್ಟರು. ಅಲ್ಲಿ ಚಳಿಯ ಸಹಾಯವಿತ್ತು, ನಮ್ಮ ಕರಾವಳಿಯ ಸೆಕೆಯಲ್ಲಿ ಇರುವುದು ಒಂದೆರಡು ದಿನ.

ಮನೆಗೆ ನೆರೆನೀರು ನುಗ್ಗಿ ಹಳೆಯ ನೆಗೆಟಿವ್‌ಗಳು ನೆನೆದರೂ ಆರಂಭ ಹೀಗೆಯೇ: ಒಂದರ ಮೇಲೊಂದು ಒಣಗಲು ಬಿಡದೆ ತಣ್ಣೀರಿನಲ್ಲಿಡಿ. ಆದರೆ ಅವು ಈಗಾಗಲೇ ತೊಳೆದ ಫಿಲ್ಮ್, ಕತ್ತಲೆ ಬೇಕಿಲ್ಲ. ನೀರಿನೊಳಗೇ ಮೆಲ್ಲನೆ ಬಿಡಿಸಿ, ಮೇಲ್ಮೈ ಮುಟ್ಟದೆ ಅಂಚು ಹಿಡಿದು, ನೆರಳಿನಲ್ಲಿ ಬಟ್ಟೆ ಕ್ಲಿಪ್‌ಗೆ ಒಂದೊಂದಾಗಿ ತೂಗುಹಾಕಿ.