ಶಕ್ತಿಯೊಂದೇ ಸಾಲದು: ವೇಗದ ದೋಣಿಗಳೂ ಹಲ್ಲುಚಕ್ರಗಳೂ

ಯಂತ್ರಗಳ ಇತಿಹಾಸದಲ್ಲಿ ಎಂಜಿನ್ನಿಗೆ ದೊರೆತ ಕೀರ್ತಿ ಹಲ್ಲುಚಕ್ರಗಳಿಗೆ ದೊರೆತಿಲ್ಲ. ಎಂಜಿನ್ನು ಗರ್ಜಿಸುತ್ತದೆ, ಎಲ್ಲರ ಗಮನವನ್ನೂ ಸೆಳೆಯುತ್ತದೆ. ಅದಕ್ಕೂ ಕೆಲಸಕ್ಕೂ ನಡುವೆ ಎಣ್ಣೆಯ ಪೆಟ್ಟಿಗೆಯಲ್ಲಿ ಮುಳುಗಿ ಕುಳಿತಿರುವ ಗಿಯರುಗಳನ್ನು ಯಾರೂ ನೆನೆಯುವುದಿಲ್ಲ. ಆದರೆ ನೀರಿನ ಮೇಲೆ ವೇಗವಾಗಿ ಚಲಿಸಬೇಕೆಂದು ಹೊರಟವರ ಅರವತ್ತು ವರ್ಷಗಳ ಕಥೆಯನ್ನು ಓದಿದರೆ, ಅನೇಕ ಸೋಲುಗೆಲುವುಗಳು ಆ ಪೆಟ್ಟಿಗೆಯ ಬಳಿಯೇ ನಿರ್ಧಾರವಾದುದು ತಿಳಿಯುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಸೈಕಲ್ಲಿನ ಉದಾಹರಣೆ ನೆನಪಿರಬಹುದು. ಪೆಡಲಿನ ಚಕ್ರಕ್ಕೆ 48 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲು ಮೂರು ಸುತ್ತು ತಿರುಗುವಷ್ಟರಲ್ಲಿ ಹಿಂದಿನ ಗಾಲಿ ಎಂಟು ಸುತ್ತು ತಿರುಗುತ್ತದೆ. ಸುತ್ತು ಹೆಚ್ಚಿತು, ಆದರೆ ತಿರುಚುವ ಬಲ ಅಷ್ಟೇ ಪ್ರಮಾಣದಲ್ಲಿ ಕುಗ್ಗಿತು. ಗಿಯರು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರ ಅದು. ಈ ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ.

ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ಅವರು 1884ರಲ್ಲಿ ಉಗಿ ಟರ್ಬೈನನ್ನು ರೂಪಿಸಿದವರು. ಅದನ್ನು ಹಡಗಿಗೆ ಅಳವಡಿಸುವ ಉದ್ದೇಶದಿಂದ 1894ರಲ್ಲಿ 'ಟರ್ಬೀನಿಯಾ' ಎಂಬ ಪುಟ್ಟ ಹಡಗನ್ನು ಕಟ್ಟಿಸಿದರು. ಸುಮಾರು 100 ಅಡಿ ಉದ್ದ, ಒಂಬತ್ತು ಅಡಿ ಅಗಲ, 44 ಟನ್ನಿನಷ್ಟು ತೂಕ. ಟರ್ಬೈನು ಅತ್ಯಂತ ವೇಗವಾಗಿ ತಿರುಗುವ ಯಂತ್ರ. ಅದನ್ನು ಗಿಯರಿಲ್ಲದೆ ನೇರವಾಗಿ ಪ್ರೊಪೆಲರಿಗೆ ಜೋಡಿಸಿದ್ದರು. ಶಕ್ತಿಗೆ ಕೊರತೆಯಿರಲಿಲ್ಲ. ಆದರೂ ಹಡಗು 20 ನಾಟ್ ವೇಗವನ್ನು ಸಹ ಮುಟ್ಟಲಿಲ್ಲ. ಪ್ರೊಪೆಲರುಗಳನ್ನು ಒಂದಾದ ಮೇಲೊಂದರಂತೆ ಬದಲಿಸಿ ನೋಡಿದರೂ ಫಲ ದೊರೆಯಲಿಲ್ಲ.

ಕಾರಣವನ್ನು ತಿಳಿಯಲು ಪಾರ್ಸನ್ಸ್ ಅವರು 1895ರಲ್ಲಿ ಒಂದು ಚಿಕ್ಕ ತಾಮ್ರದ ತೊಟ್ಟಿಯನ್ನು ಮಾಡಿಸಿ, ಅದರೊಳಗೆ ಪುಟಾಣಿ ಪ್ರೊಪೆಲರನ್ನು ತಿರುಗಿಸಿ, ಮಿನುಗುವ ಬೆಳಕಿನಲ್ಲಿ ವೀಕ್ಷಿಸಿದರು. ಅಲಗುಗಳು ಅತಿವೇಗದಲ್ಲಿ ತಿರುಗಿದಾಗ ಅವುಗಳ ಬೆನ್ನ ಹಿಂದೆ ಒತ್ತಡ ಕುಸಿದು, ನೀರು ಕಾಯಿಸದೆಯೇ ಆವಿಯಾಗಿ ಗುಳ್ಳೆಗಟ್ಟುತ್ತಿತ್ತು. ಅಂದರೆ ಪ್ರೊಪೆಲರು ನೀರನ್ನು ತಳ್ಳುವ ಬದಲು ತಾನೇ ತೋಡಿಕೊಂಡ ಪೊಳ್ಳಿನಲ್ಲಿ ತಿರುಗುತ್ತಿತ್ತು. ಇದನ್ನೇ ಕ್ಯಾವಿಟೇಶನ್ ಎನ್ನುತ್ತಾರೆ. ಪಾರ್ಸನ್ಸ್ ಅವರು ಒಂದು ಟರ್ಬೈನಿನ ಬದಲು ಮೂರನ್ನು ಇರಿಸಿ, ಮೂರು ಶಾಫ್ಟುಗಳಿಗೆ ತಲಾ ಮೂರರಂತೆ ಒಂಬತ್ತು ಚಿಕ್ಕ ಪ್ರೊಪೆಲರುಗಳನ್ನು ಜೋಡಿಸಿ ಭಾರವನ್ನು ಹಂಚಿದರು. 1897ರ ಜೂನ್ 26ರಂದು, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರಮಹೋತ್ಸವದ ನೌಕಾಪ್ರದರ್ಶನದಲ್ಲಿ, ಟರ್ಬೀನಿಯಾ ಯುದ್ಧನೌಕೆಗಳ ಸಾಲುಗಳ ನಡುವೆ 30 ನಾಟ್‌ಗೂ ಮೀರಿದ ವೇಗದಲ್ಲಿ ಓಡಿ, ಹಿಡಿಯಲು ಬಂದ ಕಾವಲು ದೋಣಿಗಳನ್ನು ಹಿಂದೆ ಹಾಕಿತು.

ಗೆಲುವು ದೊರೆತರೂ ಮೂಲ ಸಮಸ್ಯೆ ಉಳಿದೇ ಇತ್ತು. ಟರ್ಬೈನು ವೇಗವಾಗಿ ತಿರುಗಿದಷ್ಟೂ ಉಗಿಯ ಉಳಿತಾಯ. ದೊಡ್ಡ ಹಡಗಿನ ಪ್ರೊಪೆಲರು ನಿಧಾನವಾಗಿ ತಿರುಗಿದಷ್ಟೂ ನೀರಿನ ಮೇಲೆ ಹಿಡಿತ. ಒಂದೇ ಶಾಫ್ಟಿನಲ್ಲಿ ಎರಡನ್ನೂ ಕಟ್ಟಿದರೆ ಎರಡೂ ಸೊರಗುತ್ತವೆ. ಇದಕ್ಕೆ ಉತ್ತರವನ್ನು ಕಂಡುಕೊಂಡವರೂ ಪಾರ್ಸನ್ಸ್ ಅವರೇ. 1909ರಲ್ಲಿ 'ವೆಸ್ಪೇಸಿಯನ್' ಎಂಬ ಹಳೆಯ ಸರಕು ಹಡಗನ್ನು ಕೊಂಡು, ಮೊದಲು ಅದರ ಹಳೆಯ ಉಗಿ ಎಂಜಿನ್ನನ್ನೇ ದುರಸ್ತಿ ಮಾಡಿಸಿ ಖರ್ಚಿನ ಲೆಕ್ಕವನ್ನು ಬರೆದಿಟ್ಟರು. ಬಳಿಕ ಬಾಯ್ಲರನ್ನೂ ಪ್ರೊಪೆಲರನ್ನೂ ಹಾಗೆಯೇ ಉಳಿಸಿಕೊಂಡು ಎಂಜಿನ್ನಿನ ಜಾಗದಲ್ಲಿ ಟರ್ಬೈನನ್ನೂ ಗಿಯರನ್ನೂ ಇರಿಸಿದರು. ಟರ್ಬೈನಿನ ಸುಮಾರು 1,400 ಸುತ್ತು ಪ್ರೊಪೆಲರಿನಲ್ಲಿ ಸುಮಾರು 70 ಸುತ್ತಾಗುತ್ತಿತ್ತು. ಅಂದರೆ ಇಪ್ಪತ್ತಕ್ಕೆ ಒಂದು. ಕಲ್ಲಿದ್ದಲಿನ ಖರ್ಚಿನಲ್ಲಿ ಸುಮಾರು ನೂರಕ್ಕೆ ಹದಿನೈದರಷ್ಟು ಉಳಿತಾಯವಾಯಿತು. ಒಂದನ್ನು ಮಾತ್ರ ಬದಲಿಸಿ ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಹೋಲಿಸುವುದು ಪ್ರಯೋಗಧರ್ಮ. ಅದಕ್ಕೆ ಇಷ್ಟು ಶುದ್ಧವಾದ ಉದಾಹರಣೆ ಪಠ್ಯಪುಸ್ತಕಗಳಲ್ಲೂ ಅಪರೂಪ.

ಇಷ್ಟನ್ನು ಓದಿದವರು ಹಡಗಿಗೆ ಸುತ್ತನ್ನು ತಗ್ಗಿಸುವ ಗಿಯರೇ ಸರಿಯೆಂದು ತೀರ್ಮಾನಿಸಬಹುದು. ಸರಕು ಹೊರುವ ಹಡಗಿಗೆ ಅದು ನಿಜ. ಪಂದ್ಯದ ದೋಣಿಗಳ ಲೋಕದಲ್ಲಿ ಮಾತ್ರ ಕಥೆ ತಿರುಗುಮುರುಗಾಯಿತು.

ವಿಮಾನದ ಎಂಜಿನ್ನುಗಳು ದೋಣಿಗಳಿಗೆ ಬಂದವು. ಬ್ರಿಟನ್ನಿನ ಹೆನ್ರಿ ಸೀಗ್ರೇವ್ ಅವರ 'ಮಿಸ್ ಇಂಗ್ಲೆಂಡ್ 2' ದೋಣಿಯಲ್ಲಿ ರೋಲ್ಸ್ ರಾಯ್ಸ್ ಸಂಸ್ಥೆಯ ಎರಡು ದೈತ್ಯ ಎಂಜಿನ್ನುಗಳ ಶಕ್ತಿ ಗಿಯರುಪೆಟ್ಟಿಗೆಯ ಮೂಲಕ ಒಂದೇ ಪ್ರೊಪೆಲರಿಗೆ ಹರಿಯುತ್ತಿತ್ತು. 1930ರ ಜೂನ್ 13ರಂದು ವಿಂಡರ್‌ಮಿಯರ್ ಸರೋವರದಲ್ಲಿ ಎರಡು ಓಟಗಳ ಸರಾಸರಿ ಗಂಟೆಗೆ 98.76 ಮೈಲಿಯಾಗಿ ವಿಶ್ವದಾಖಲೆ ಸ್ಥಾಪಿತವಾಯಿತು. ಮೂರನೆಯ ಓಟದಲ್ಲಿ ದೋಣಿ ಮಗುಚಿ ಸೀಗ್ರೇವ್ ಅವರೂ ಎಂಜಿನಿಯರ್ ವಿಕ್ಟರ್ ಹ್ಯಾಲಿವೆಲ್ ಅವರೂ ಪ್ರಾಣ ಕಳೆದುಕೊಂಡರು. ತೇಲುತ್ತಿದ್ದ ಮರದ ತುಂಡಿಗೆ ತಗುಲಿತೆಂದು ಬಹಳ ಜನರ ನಂಬಿಕೆ. ಅಂಥ ವೇಗದಲ್ಲಿ ನೀರು ಬಂಡೆಯಷ್ಟೇ ಗಟ್ಟಿ ಎಂಬುದನ್ನು ಆ ದಿನ ಜಗತ್ತಿಗೆ ತಿಳಿಸಿತು.

ಅಮೆರಿಕದ ಗಾರ್ ವುಡ್ ಅವರ ಮಾರ್ಗ ಶಕ್ತಿಯನ್ನು ಹೆಚ್ಚಿಸುತ್ತಲೇ ಹೋಗುವುದು. ಅವರ 'ಮಿಸ್ ಅಮೆರಿಕ 10' ದೋಣಿಯಲ್ಲಿ ನಾಲ್ಕು ಪ್ಯಾಕರ್ಡ್ ಎಂಜಿನ್ನುಗಳು, ಒಟ್ಟು 6,400 ಅಶ್ವಶಕ್ತಿ. 1932ರಲ್ಲಿ ಅದು 124.86 ಮೈಲಿ ವೇಗವನ್ನು ಸಾಧಿಸಿತು. ಆದರೆ ಒಂದೇ ಆಕಾರದ ದೋಣಿಯಲ್ಲಿ ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಸ್ಥೂಲವಾಗಿ ಎಂಟು ಪಟ್ಟಾಗಬೇಕು. ಎಂಜಿನ್ನು ಸೇರಿಸಿದರೆ ತೂಕವೂ ಸೇರುತ್ತದೆ. ತೂಕ ದೋಣಿಯನ್ನು ನೀರಿಗೆ ಅದುಮುತ್ತದೆ. 1939ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಅವರು ಒಂದೇ ಎಂಜಿನ್ನಿನ 'ಬ್ಲೂ ಬರ್ಡ್ ಕೆ4' ದೋಣಿಯಲ್ಲಿ 141.74 ಮೈಲಿಗೆ ದಾಖಲೆಯನ್ನು ಏರಿಸಿ, ಹಗುರವಾದ ದೋಣಿಯ ಮಹತ್ವವನ್ನು ತೋರಿಸಿಕೊಟ್ಟರು.

ಆ ದಾಖಲೆಯನ್ನು ಮುರಿದದ್ದು ಸಿಯಾಟಲ್ ನಗರದ ಮೂವರ ಶ್ರಮ. ಮೋಟಾರು ವ್ಯಾಪಾರಿ ಸ್ಟ್ಯಾನ್ಲಿ ಸೇಯರ್ಸ್ ಮಾಲಿಕರು, ಬೋಯಿಂಗ್ ಕಾರ್ಖಾನೆಯ ಟೆಡ್ ಜೋನ್ಸ್ ವಿನ್ಯಾಸಕರು, ಆಂಕರ್ ಜೆನ್ಸನ್ ದೋಣಿ ಕಟ್ಟುವವರು. ಅವರ 'ಸ್ಲೋ-ಮೋ-ಶನ್ 4' ದೋಣಿಗಿದ್ದುದು ಯುದ್ಧವಿಮಾನಗಳಿಗಾಗಿ ತಯಾರಾಗಿ ಯುದ್ಧಾನಂತರ ಅಗ್ಗಕ್ಕೆ ಮಾರಾಟವಾದ ಒಂದೇ ಒಂದು ಅಲಿಸನ್ ಎಂಜಿನ್ನು. ಗಾರ್ ವುಡ್ ಅವರ ಶಕ್ತಿಯ ನಾಲ್ಕನೆಯ ಒಂದು ಪಾಲಿನಷ್ಟು. ಗಿಯರುಪೆಟ್ಟಿಗೆ ಸುತ್ತನ್ನು ತಗ್ಗಿಸುವ ಬದಲು ಸುಮಾರು ಮೂರು ಪಟ್ಟು ಏರಿಸುತ್ತಿತ್ತು.

ಹೀಗೇಕೆ? ಸ್ಲೇಟು ಹಿಡಿದು ಲೆಕ್ಕ ಮಾಡೋಣ. ಒಂದು ಸುತ್ತಿಗೆ ಅರ್ಧ ಮೀಟರ್ ಮುಂದೆ ಸಾಗುವ ಪ್ರೊಪೆಲರು ನಿಮಿಷಕ್ಕೆ 10,000 ಸುತ್ತು ತಿರುಗಿದರೆ ನಿಮಿಷಕ್ಕೆ 5,000 ಮೀಟರ್, ಗಂಟೆಗೆ 300 ಕಿಲೋಮೀಟರ್. ನೀರಿನಲ್ಲಿ ಜಾರಿ ನಷ್ಟವಾಗುವ ನೂರಕ್ಕೆ ಹದಿನೈದನ್ನು ಕಳೆದರೆ 255 ಉಳಿಯುತ್ತದೆ. ಎಂಜಿನ್ನು ತಿರುಗುವುದು 3,300 ಸುತ್ತಿನ ಆಸುಪಾಸಿನಲ್ಲಿ. ಗಿಯರಿಲ್ಲದೆ ನೇರವಾಗಿ ಜೋಡಿಸಿದರೆ ಪ್ರತಿ ಸುತ್ತಿಗೆ ಒಂದೂವರೆ ಮೀಟರ್ ಸಾಗುವ ದೈತ್ಯ ಪ್ರೊಪೆಲರು, ಅದಕ್ಕೆ ದಪ್ಪ ಶಾಫ್ಟು, ನೀರಿನಲ್ಲಿ ಅಷ್ಟೇ ದೊಡ್ಡ ತಡೆ. ಸುತ್ತನ್ನು ಮೂರು ಪಟ್ಟು ಏರಿಸಿದಾಗ ತಿರುಚುವ ಬಲ ಮೂರನೆಯ ಒಂದಾಗುತ್ತದೆ. ಸಪೂರ ಶಾಫ್ಟೂ ಚಿಕ್ಕ ಪ್ರೊಪೆಲರೂ ಸಾಕಾಗುತ್ತವೆ.

ಪಾರ್ಸನ್ಸ್ ಅವರನ್ನು ಕಾಡಿದ ಕ್ಯಾವಿಟೇಶನ್ ಏನಾಯಿತು? ಪೂರ್ಣ ವೇಗದಲ್ಲಿ ಈ ದೋಣಿಯ ಹಿಂಭಾಗ ನೀರಿನಿಂದ ಮೇಲೇಳುತ್ತಿತ್ತು. ಪ್ರೊಪೆಲರಿನ ಕೆಳಗಿನ ಅರ್ಧ ಮಾತ್ರ ನೀರಿನಲ್ಲಿ, ಮೇಲಿನ ಅರ್ಧ ಗಾಳಿಯಲ್ಲಿ. ಅಲಗಿನ ಬೆನ್ನಿನ ಪೊಳ್ಳನ್ನು ಗಾಳಿಯೇ ತುಂಬುತ್ತಿತ್ತು. ಮುಂಭಾಗ ಎರಡು ಪಕ್ಕದ ತುದಿಗಳ ಮೇಲಷ್ಟೇ ನೀರನ್ನು ಸವರುತ್ತ ಹೋಗುತ್ತಿತ್ತು. ಹಿಂದಿನವರು ತಪ್ಪಿಸಲು ಹೆಣಗಿದುದನ್ನು ಇವರು ಒಪ್ಪಿಕೊಂಡು ಬಳಸಿಕೊಂಡರು. 1950ರ ಜೂನ್ 26ರಂದು ವಾಷಿಂಗ್ಟನ್ ಸರೋವರದಲ್ಲಿ ಗಂಟೆಗೆ 160.32 ಮೈಲಿ, ಅಂದರೆ 258 ಕಿಲೋಮೀಟರ್ ವೇಗ ದಾಖಲಾಯಿತು. ಟರ್ಬೀನಿಯಾದ ಪ್ರದರ್ಶನ ನಡೆದ ತಾರೀಖೂ ಅದೇ. ನಡುವೆ ಐವತ್ತಮೂರು ವರ್ಷಗಳು. 1952ರಲ್ಲಿ ಅದೇ ದೋಣಿ 178 ಮೈಲಿಯನ್ನು ದಾಟಿತು.

1955ರಲ್ಲಿ ಮಾಲ್ಕಮ್ ಅವರ ಮಗ ಡೊನಾಲ್ಡ್ ಕ್ಯಾಂಪ್‌ಬೆಲ್ ಅವರು ಜೆಟ್ ಎಂಜಿನ್ನಿನ 'ಬ್ಲೂಬರ್ಡ್ ಕೆ7' ದೋಣಿಯಲ್ಲಿ 202 ಮೈಲಿ ಮುಟ್ಟಿದರು. ಜೆಟ್ಟಿಗೆ ಪ್ರೊಪೆಲರೂ ಬೇಡ, ಅದರತ್ತ ಶಕ್ತಿ ಸಾಗಿಸುವ ಗಿಯರೂ ಬೇಡ. ದಾಖಲೆಯ ದೋಣಿಗಳಲ್ಲಿ ಹಲ್ಲುಚಕ್ರಗಳ ಯುಗ ಅಲ್ಲಿಗೆ ಮುಗಿಯಿತು. ಡೊನಾಲ್ಡ್ ಅವರೂ 1967ರ ಜನವರಿ 4ರಂದು ಕಾನಿಸ್ಟನ್ ಸರೋವರದಲ್ಲಿ ಅದೇ ದೋಣಿಯೊಂದಿಗೆ ಜಲಸಮಾಧಿಯಾದರು. ವೇಗದ ಬೆಲೆ ಮಾತ್ರ ಬದಲಾಗಲಿಲ್ಲ.

ಗಿಯರಿನ ಅನುಪಾತ ಇಷ್ಟೇ ಇರಬೇಕೆಂಬ ಶಾಶ್ವತ ನಿಯಮವಿಲ್ಲ. ವೆಸ್ಪೇಸಿಯನ್ನಿಗೆ ಇಪ್ಪತ್ತು ಪಟ್ಟು ಇಳಿಸುವುದು ಸರಿಯಾಯಿತು, ಸ್ಲೋ-ಮೋ-ಶನ್ನಿಗೆ ಮೂರು ಪಟ್ಟು ಏರಿಸುವುದು ಸರಿಯಾಯಿತು. ಹೊರಬೇಕಾದ ಭಾರವನ್ನೂ ತಲುಪಬೇಕಾದ ವೇಗವನ್ನೂ ಮೊದಲು ನಿಶ್ಚಯಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡುತ್ತ ಎಂಜಿನ್ನಿನವರೆಗೆ ಬರಬೇಕು. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಮೊಮ್ಮಕ್ಕಳಿಗೆ ಇದನ್ನು ಹೇಳಿರಿ. ಟರ್ಬೀನಿಯಾ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಸ್ಲೋ-ಮೋ-ಶನ್ 4 ಸಿಯಾಟಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಆ ಊರುಗಳಲ್ಲಿ ನೆಲೆಸಿರುವ ನಮ್ಮವರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ. ಎಂಜಿನ್ನಿನ ಗಾತ್ರಕ್ಕೆ ಬೆರಗಾಗುವ ಮೊದಲು ದೋಣಿಯ ಹಿಂಭಾಗಕ್ಕೆ ಹೋಗಿ ನಿಲ್ಲಿರಿ.